ಆಂಪೂಲ್ ಒಡೆಯುವ ಮುನ್ನ

ಪ್ರಶ್ನೆ: ನಾನು ರಾಣೆಬೆನ್ನೂರು ಕಡೆಯವಳು. ತುರ್ತು ವೈದ್ಯಕೀಯ ತಂತ್ರಜ್ಞರ ತರಬೇತಿ ಮುಗಿಸಿ ಈಚೆಗೆ ಆಂಬುಲೆನ್ಸ್ ಕೆಲಸಕ್ಕೆ ಸೇರಿದ್ದೇನೆ. ಪೆಟ್ಟಿಗೆಯಲ್ಲಿರುವ ಔಷಧಗಳ ಹೆಸರು, ಪ್ರಮಾಣ ಎಲ್ಲವೂ ಬಾಯಿಪಾಠವಿದೆ. ಆದರೂ ರೋಗಿಯ ಮುಂದೆ ಕುಳಿತಾಗ ಕೈ ನಡುಗುತ್ತದೆ. ಹಿರಿಯ ಸಹೋದ್ಯೋಗಿಯೊಬ್ಬರು ‘ಏನೇ ಇರಲಿ, ಒಂದು ಏವಿಲ್, ಒಂದು ಡೆಕ್ಸೋನಾ ಕೊಟ್ಟು ಸಲೈನ್ ಹಚ್ಚಿಬಿಡು, ತೊಂದರೆ ಆಗುವುದಿಲ್ಲ’ ಎನ್ನುತ್ತಾರೆ. ಇದು ಸರಿಯೇ? ಔಷಧಗಳನ್ನು ಸುರಕ್ಷಿತವಾಗಿ ಕೊಡುವುದು ಹೇಗೆ? ಊರಿನವರು ರಾತ್ರಿ ಹೊತ್ತು ಮನೆ ಬಾಗಿಲಿಗೇ ಬರುತ್ತಾರೆ. ಒಂದೆರಡು ಇಂಜೆಕ್ಷನ್ ಮನೆಯಲ್ಲೂ ಇಟ್ಟುಕೊಳ್ಳಬಹುದೇ?

ಉತ್ತರ: ನಿಮ್ಮ ಹಿರಿಯ ಸಹೋದ್ಯೋಗಿಯ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಜೋಡಿ ಇಂಜೆಕ್ಷನ್ ನಮ್ಮ ಭಾಗದ ಹಳೆಯ ಚಾಳಿ. ಕೊಟ್ಟವರಿಗೆ ಏನೋ ಮಾಡಿದೆವು ಎಂಬ ಸಮಾಧಾನ, ಮನೆಯವರಿಗೆ ಸೂಜಿ ಮಾಡಿದರು ಎಂಬ ನೆಮ್ಮದಿ. ಅದರಿಂದ ಆಗುವ ದೊಡ್ಡ ಹಾನಿ ಎಂದರೆ, ನಿಜವಾಗಿ ಬೇಕಿದ್ದ ಔಷಧ ಪೆಟ್ಟಿಗೆಯಲ್ಲೇ ಉಳಿದು ಹತ್ತು ನಿಮಿಷ ಕಳೆದುಹೋಗುತ್ತದೆ.

ಹೊಲದಲ್ಲಿ ಜೇನುಹುಳು ಕಚ್ಚಿದವರನ್ನು ಅಥವಾ ಯಾವುದೋ ಇಂಜೆಕ್ಷನ್ ಒಗ್ಗದೆ ಕುಸಿದವರನ್ನು ತೆಗೆದುಕೊಳ್ಳಿ. ಮೈಯೆಲ್ಲ ದದ್ದು, ತುಟಿ ಊತ, ಉಸಿರಾಟದಲ್ಲಿ ಸೀಟಿಯಂಥ ಸದ್ದು, ರಕ್ತದೊತ್ತಡ ಕೆಳಗೆ. ಏವಿಲ್ ತುರಿಕೆಯನ್ನು ಕಡಿಮೆ ಮಾಡುತ್ತದೆ, ಆದರೆ ಮುಚ್ಚಿಕೊಳ್ಳುತ್ತಿರುವ ಶ್ವಾಸನಾಳವನ್ನು ತೆರೆಯಲಾರದು, ಕುಸಿದ ರಕ್ತದೊತ್ತಡವನ್ನು ಎತ್ತಲಾರದು. ಡೆಕ್ಸೋನಾ, ಅಂದರೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಕೆಲಸ ಶುರು ಮಾಡಲು ಗಂಟೆಗಳು ಬೇಕು. ಇಲ್ಲಿ ಜೀವ ಉಳಿಸುವ ಔಷಧ ಅಡ್ರಿನಲಿನ್ ಒಂದೇ. ಒಂದು ಮಿಲಿಲೀಟರಿನ ಆಂಪೂಲ್‌ನಲ್ಲಿ 1 ಮಿಲಿಗ್ರಾಂ ಇರುತ್ತದೆ. ವಯಸ್ಕರಿಗೆ ಅದರಲ್ಲಿ ಅರ್ಧ, ಅಂದರೆ 0.5 ಮಿಲಿಗ್ರಾಂ, ತೊಡೆಯ ನಡುಭಾಗದ ಹೊರಬದಿಯ ಸ್ನಾಯುವಿಗೆ. ಐದು ನಿಮಿಷದಲ್ಲಿ ಸುಧಾರಣೆ ಕಾಣದಿದ್ದರೆ ಇನ್ನೊಮ್ಮೆ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಟ ಕಷ್ಟವಾಗಿದ್ದರೆ ಒರಗಿಸಿ ಕೂರಿಸಬಹುದು. ಆದರೆ ಗಾಡಿಯವರೆಗೆ ನಡೆಸಿಕೊಂಡು ಬರಬಾರದು. ಮಲಗಿದ್ದವರನ್ನು ಥಟ್ಟನೆ ಎಬ್ಬಿಸಿ ನಿಲ್ಲಿಸಿದಾಗ ಹೃದಯ ನಿಂತುಹೋದದ್ದುಂಟು.

ಇದೇ ಅಡ್ರಿನಲಿನ್ ಅಪಾಯಕಾರಿಯಾಗುವುದು ದಾರಿ ತಪ್ಪಿದಾಗ. ಹೃದಯ ನಿಂತಿರುವವರಿಗೆ ಪೂರ್ತಿ 1 ಮಿಲಿಗ್ರಾಂ ಅನ್ನು ರಕ್ತನಾಳಕ್ಕೆ, ಮೂರರಿಂದ ಐದು ನಿಮಿಷಕ್ಕೊಮ್ಮೆ ಕೊಡುತ್ತೇವೆ, ಎದೆಯೊತ್ತುವುದನ್ನು ನಿಲ್ಲಿಸದೆ. ಅಷ್ಟೇ ಪ್ರಮಾಣವನ್ನು ಹೃದಯ ಬಡಿಯುತ್ತಿರುವ ಅಲರ್ಜಿ ರೋಗಿಯ ರಕ್ತನಾಳಕ್ಕೆ ಒಮ್ಮೆಲೇ ತಳ್ಳಿದರೆ ಹೃದಯದ ಲಯ ಕೆಡಬಹುದು, ರಕ್ತದೊತ್ತಡ ಮಿತಿಮೀರಿ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಔಷಧ ಒಂದೇ, ಆಂಪೂಲ್ ಒಂದೇ, ಆದರೆ ದಾರಿ ಬೇರೆ, ಪ್ರಮಾಣ ಬೇರೆ. ನೀವು ಬಾಯಿಪಾಠ ಮಾಡಿರುವ ಪಟ್ಟಿಯಲ್ಲಿ ಔಷಧದ ಹೆಸರಿನ ಮುಂದೆ ಒಂದು ಅಂಕಿ ಇರುತ್ತದೆ. ಆ ಅಂಕಿಯನ್ನು ಮರೆತರೂ ಫೋನ್ ಮಾಡಿ ಕೇಳಬಹುದು. ಯಾರಿಗೆ ಕೊಡಬಾರದು, ಕೊಟ್ಟ ಮೇಲೆ ಏನನ್ನು ನೋಡುತ್ತಿರಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಎಚ್ಚರ. ಅಲರ್ಜಿಗೆ ಅಡ್ರಿನಲಿನ್ ಲೆಕ್ಕ ಒಂದು ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ಹದಿನೈದು ಕಿಲೋ ಮಗುವಿಗೆ 0.15 ಮಿಲಿಲೀಟರ್. ಐದು ಮಿಲಿ ಸಿರಿಂಜಿನಲ್ಲಿ ಇದನ್ನು ಅಳೆಯಲು ಯಾರಿಂದಲೂ ಆಗದು, ಒಂದು ಮಿಲಿ ಸಿರಿಂಜ್ ಬೇಕೇ ಬೇಕು. ಅದು ಸಿಗಲಿಲ್ಲವೆಂದು ಇನ್ಸುಲಿನ್ ಸಿರಿಂಜ್ ಎತ್ತಿಕೊಳ್ಳಬೇಡಿ. ಅದರ ಮೇಲಿನ ಗೆರೆಗಳು ಯೂನಿಟ್ ಲೆಕ್ಕದವು, ನಮ್ಮಲ್ಲಿ ಸಾಮಾನ್ಯವಾಗಿ ಒಂದು ಮಿಲಿಗೆ 40 ಯೂನಿಟ್. ಅವಸರದಲ್ಲಿ ಓದಿದರೆ ಹದಿನೈದನೆಯ ಗೆರೆ 0.15 ಎಂದೇ ಕಾಣುತ್ತದೆ, ಒಳಗಿರುವುದು ಅದರ ಎರಡೂವರೆ ಪಟ್ಟು.

ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. ನಾನು ಬರೆಯುತ್ತಿರುವ ಪ್ರಮಾಣಗಳು ಸಾಮಾನ್ಯವಾಗಿ ಒಪ್ಪಿತವಾದವು, ಮಕ್ಕಳದ್ದೆಂದು ಹೇಳದ ಕಡೆ ವಯಸ್ಕರದ್ದು. ಆದರೆ ನಿಮಗೆ ಔಷಧ ಕೊಡುವ ಅಧಿಕಾರ ಬರುವುದು ನಿಮ್ಮ ಸೇವೆಯ ಲಿಖಿತ ಸೂಚನೆಯಿಂದ ಮತ್ತು ಫೋನಿನ ಆ ತುದಿಯಲ್ಲಿರುವ ವೈದ್ಯರಿಂದ. ಸೂಚನೆಯಲ್ಲಿ ಇಲ್ಲದ್ದನ್ನು, ವೈದ್ಯರು ಹೇಳದ್ದನ್ನು, ಪೆಟ್ಟಿಗೆಯಲ್ಲಿದೆ ಎಂಬ ಕಾರಣಕ್ಕೆ ಕೊಡುವಂತಿಲ್ಲ. ವೈದ್ಯರು ಫೋನಿನಲ್ಲಿ ಹೇಳಿದ್ದನ್ನು ತಿರುಗಿ ಹೇಳಿ: ‘ಮಿಡಜೋಲಾಮ್, ಹತ್ತು ಮಿಲಿಗ್ರಾಂ, ಸ್ನಾಯುವಿಗೆ, ಸರಿಯೇ ಸರ್?’ ಸೈರನ್ ಸದ್ದಿನಲ್ಲಿ, ಕಡಿದು ಕಡಿದು ಬರುವ ನೆಟ್‌ವರ್ಕ್‌ನಲ್ಲಿ ಎರಡು ಹನ್ನೆರಡಾಗಿ ಕೇಳಿಸುವುದು ದೊಡ್ಡ ಮಾತೇನಲ್ಲ.

ಈಗ ನಿಮ್ಮ ಜಿಲ್ಲೆಯಲ್ಲಿ ನಿಮಗೆ ಹೆಚ್ಚು ಎದುರಾಗುವ ಸಂಗತಿಗೆ ಬರುತ್ತೇನೆ: ಕೀಟನಾಶಕ. ಹತ್ತಿ, ಗೋವಿನಜೋಳ, ಮೆಣಸಿನಕಾಯಿ ಬೆಳೆಯುವ ಸೀಮೆಯಲ್ಲಿ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಡಬ್ಬಿ ಬಹಳ ಮನೆಗಳ ಮೂಲೆಯಲ್ಲಿರುತ್ತದೆ. ಇವು ಆರ್ಗನೋಫಾಸ್ಫೇಟ್ ಗುಂಪಿನವು. ಕುಡಿದವರ ಬಾಯಲ್ಲಿ ನೊರೆ, ಜೊಲ್ಲು, ಬೆವರು, ಭೇದಿ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಿನ ಪಾಪೆ, ಮಾಂಸಖಂಡಗಳಲ್ಲಿ ಸಣ್ಣ ಅದುರು. ಸಾವು ಬರುವುದು ಹೆಚ್ಚಾಗಿ ಉಸಿರಾಟದ ದಾರಿಯಿಂದ, ಶ್ವಾಸಕೋಶದಲ್ಲಿ ತುಂಬಿಕೊಂಡ ದ್ರವದಿಂದ.

ಔಷಧ ಅಟ್ರೋಪಿನ್. ಕೊಡುವ ಕ್ರಮ ಉಳಿದೆಲ್ಲಕ್ಕಿಂತ ಭಿನ್ನ. ನಮ್ಮಲ್ಲಿ ಸಿಗುವ ಆಂಪೂಲ್‌ನಲ್ಲಿ ಸಾಮಾನ್ಯವಾಗಿ 0.6 ಮಿಲಿಗ್ರಾಂ ಇರುತ್ತದೆ. ಮೊದಲ ಸಲ 1.8ರಿಂದ 3 ಮಿಲಿಗ್ರಾಂ ರಕ್ತನಾಳಕ್ಕೆ, ಅಂದರೆ ಮೂರರಿಂದ ಐದು ಆಂಪೂಲ್. ಐದು ನಿಮಿಷ ನೋಡಿ, ಶ್ವಾಸಕೋಶದ ಗುರಗುರ ಕಡಿಮೆಯಾಗದಿದ್ದರೆ ಅದರ ಎರಡು ಪಟ್ಟು, ಮತ್ತೆ ಐದು ನಿಮಿಷಕ್ಕೆ ಅದರ ಎರಡು ಪಟ್ಟು. ಮೂರು, ಆರು, ಹನ್ನೆರಡು. ಹದಿನೈದು ನಿಮಿಷದೊಳಗೆ ಇಪ್ಪತ್ತೊಂದು ಆಂಪೂಲ್ ಮುಗಿದಿರುತ್ತವೆ. ಹಾವೇರಿಯಿಂದ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಸುಮಾರು ಎಪ್ಪತ್ತೈದು ಕಿಲೋಮೀಟರ್. ಪೆಟ್ಟಿಗೆಯಲ್ಲಿ ಹತ್ತೇ ಆಂಪೂಲ್ ಇದ್ದರೆ ಅರ್ಧ ದಾರಿ ಬರುವ ಮೊದಲೇ ಕೈ ಖಾಲಿ. ಆದ್ದರಿಂದ ಸರದಿ ಶುರುವಾಗುವಾಗ ಅಟ್ರೋಪಿನ್ ಇದೆಯೇ ಎಂದು ನೋಡಿ ತಲೆಯಾಡಿಸಿದರೆ ಸಾಲದು, ಎಷ್ಟಿದೆ ಎಂದು ಎಣಿಸಬೇಕು. ಕಡಿಮೆ ಇದ್ದರೆ ದಾರಿಯಲ್ಲಿರುವ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ನಿಲ್ಲಿಸಿ ಚಿಕಿತ್ಸೆ ಮುಂದುವರಿಸಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿ.

ಎಲ್ಲಿಯವರೆಗೆ ಕೊಡಬೇಕು? ಶ್ವಾಸಕೋಶ ಸ್ಪಷ್ಟವಾಗಿ ಕೇಳಿಸಬೇಕು, ನಾಡಿ ನಿಮಿಷಕ್ಕೆ 80 ದಾಟಬೇಕು, ಮೇಲಿನ ರಕ್ತದೊತ್ತಡ 80ಕ್ಕಿಂತ ಹೆಚ್ಚಿರಬೇಕು. ಕಣ್ಣಿನ ಪಾಪೆ ಅಗಲವಾಗಲಿ ಎಂದು ಕಾಯುತ್ತ ಕೂರಬೇಡಿ, ಅದು ತಡವಾಗಿ ಬದಲಾಗುತ್ತದೆ. ನಾಡಿ ಈಗಾಗಲೇ ವೇಗವಾಗಿದೆ ಎಂದು ಅಟ್ರೋಪಿನ್ ತಡೆಹಿಡಿಯುವವರಿದ್ದಾರೆ. ಶ್ವಾಸಕೋಶದಲ್ಲಿ ದ್ರವ ಇರುವವರೆಗೆ ಆ ಕಾರಣ ನಿಲ್ಲುವುದಿಲ್ಲ. ಇನ್ನೊಂದು ಕಡೆ, ರೋಗಿ ಬಡಬಡಿಸತೊಡಗಿ, ಮೈ ಸುಡತೊಡಗಿ, ಹೊಟ್ಟೆಯ ಸದ್ದು ನಿಂತರೆ ಅಟ್ರೋಪಿನ್ ಹೆಚ್ಚಾಗಿದೆ ಎಂದರ್ಥ.

ಔಷಧಕ್ಕಿಂತ ಮೊದಲು ಕೈಗವಸು ಹಾಕಿಕೊಳ್ಳಿ. ತೊಯ್ದ ಬಟ್ಟೆ ತೆಗೆಸಿ, ಮೈಗೆ ತಾಗಿದ್ದನ್ನು ನೀರಿನಿಂದ ತೊಳೆಯಿರಿ, ಗಾಡಿಯ ಕಿಟಕಿ ತೆರೆದಿಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದನ್ನು ನಿಲ್ಲಿಸಿ. ಡಬ್ಬಿಯನ್ನು ತಪ್ಪದೆ ಜೊತೆಗೆ ತನ್ನಿ. ಯಾಕೆಂದರೆ ಆ ಡಬ್ಬಿಯಲ್ಲಿ ಇದ್ದದ್ದು ಕಳೆನಾಶಕ ಪ್ಯಾರಾಕ್ವಾಟ್ ಆಗಿದ್ದರೆ ಅಟ್ರೋಪಿನ್‌ನಿಂದ ಏನೂ ಉಪಯೋಗವಿಲ್ಲ, ಮೇಲಾಗಿ ನಾವು ಕಣ್ಣುಮುಚ್ಚಿ ಕೊಡುವ ಆಮ್ಲಜನಕವೇ ಶ್ವಾಸಕೋಶದ ಹಾನಿಯನ್ನು ಹೆಚ್ಚಿಸುತ್ತದೆ. ಅಂಥವರಿಗೆ ಆಮ್ಲಜನಕ ಕೊಡುವುದು ಮಟ್ಟ ತೀರಾ ಕುಸಿದಾಗ ಮಾತ್ರ.

ಆಮ್ಲಜನಕವೂ ಔಷಧವೇ ಎಂಬುದನ್ನು ಆಂಬುಲೆನ್ಸ್‌ನಲ್ಲಿ ಎಲ್ಲರೂ ಕೇಳಿರುತ್ತಾರೆ, ಮಾಸ್ಕ್ ಹಾಕುವಾಗ ಯಾರೂ ನೆನೆಯುವುದಿಲ್ಲ. ಹೆಚ್ಚಿನ ರೋಗಿಗಳಿಗೆ ಬೆರಳಿನ ಯಂತ್ರದಲ್ಲಿ 94ರಿಂದ 98 ಸಾಕು. ವರ್ಷಗಟ್ಟಲೆ ಬೀಡಿ ಸೇದಿ ದಮ್ಮು ಹಿಡಿದ ಹಿರಿಯರಿಗೆ, ಒಲೆಯ ಹೊಗೆಯಲ್ಲಿ ಬದುಕು ಕಳೆದ ಅಜ್ಜಿಯರಿಗೆ 88ರಿಂದ 92. ಅವರಿಗೆ ನೂರು ತೋರಿಸುವವರೆಗೆ ಆಮ್ಲಜನಕ ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ನಿದ್ದೆಗೆ ಜಾರುತ್ತಾರೆ, ಮನೆಯವರು ‘ಈಗ ಆರಾಮಾಗಿ ಮಲಗಿದ್ದಾರೆ’ ಎನ್ನುತ್ತಾರೆ. ಉಬ್ಬಸಕ್ಕೆ ಸಾಲ್ಬುಟಮಾಲ್ ನೆಬ್ಯುಲೈಸರ್‌ನಲ್ಲಿ 2.5ರಿಂದ 5 ಮಿಲಿಗ್ರಾಂ, ತೀವ್ರವಿದ್ದರೆ ಇಪ್ರಾಟ್ರೋಪಿಯಂ ಸೇರಿಸಿ. ಕೈ ನಡುಕ, ಎದೆಬಡಿತ ಬರುತ್ತದೆ, ಮೊದಲೇ ಹೇಳಿಬಿಡಿ. ಸೀಟಿ ಸದ್ದು ಇದ್ದಕ್ಕಿದ್ದಂತೆ ನಿಂತು ರೋಗಿ ಮಂಕಾದರೆ ಅದನ್ನು ಸುಧಾರಣೆ ಎಂದುಕೊಳ್ಳಬಾರದು. ಒಳಗೆ ಗಾಳಿಯೇ ಓಡುತ್ತಿಲ್ಲ.

ಎದೆನೋವಿಗೆ ಆಸ್ಪಿರಿನ್ ಸುಮಾರು 300 ಮಿಲಿಗ್ರಾಂ, ಅಗಿದು ನುಂಗಬೇಕು. ಹೃದಯಾಘಾತದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಲಾಭ ಕೊಡುವ ಔಷಧ ಬೇರೊಂದಿಲ್ಲ. ಕೊಡುವ ಮುನ್ನ ಮೂರು ಪ್ರಶ್ನೆ: ಆಸ್ಪಿರಿನ್‌ಗೆ ಅಲರ್ಜಿ ಇದೆಯೇ, ಮಲ ಕಪ್ಪಾಗಿ ಹೋಗುತ್ತಿದೆಯೇ ಅಥವಾ ರಕ್ತವಾಂತಿ ಆಗಿದೆಯೇ, ನೋವು ಬೆನ್ನಿಗೆ ಸೀಳಿದಂತೆ ಹೊಡೆಯುತ್ತಿದೆಯೇ. ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋದವರಿಗೆ ಮಾತ್ರ ಆಸ್ಪಿರಿನ್ ಬೇಡ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ರಕ್ತಸ್ರಾವವಾಗಿದೆಯೋ ಸ್ಕ್ಯಾನ್ ಇಲ್ಲದೆ ಯಾರೂ ಹೇಳಲಾರರು.

ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಪಕ್ಕದ ಮನೆಯವರ ಜೇಬಿನಿಂದ ಬಂದು ಎದೆ ಹಿಡಿದುಕೊಂಡ ಪ್ರತಿಯೊಬ್ಬರ ಬಾಯಿಗೂ ಅದು ಬೀಳುತ್ತದೆ. ಮೇಲಿನ ರಕ್ತದೊತ್ತಡ 90ಕ್ಕಿಂತ ಕಡಿಮೆ ಇದ್ದವರಿಗೆ, ಹೃದಯದ ಬಲಭಾಗಕ್ಕೆ ಆಘಾತವಾದವರಿಗೆ ಕೊಟ್ಟರೆ ರಕ್ತದೊತ್ತಡ ಪಾತಾಳಕ್ಕೆ ಹೋಗುತ್ತದೆ. ಹಾಗಾಗಿ ಇಸಿಜಿ ಮತ್ತು ರಕ್ತದೊತ್ತಡ ನೋಡದೆ ಅದು ಬೇಡ. ಕೊಡುವುದೇ ಆದರೆ ರೋಗಿ ಕುಳಿತೋ ಮಲಗಿಯೋ ಇರಬೇಕು. ಸಿಲ್ಡೆನಾಫಿಲ್ ಜಾತಿಯ ಮಾತ್ರೆ ನುಂಗಿದ್ದಾರೆಯೇ ಎಂದೂ ಕೇಳಬೇಕು: ಸಿಲ್ಡೆನಾಫಿಲ್ ಆದರೆ 24 ಗಂಟೆ, ತಡಲಾಫಿಲ್ ಆದರೆ 48 ಗಂಟೆ ಈ ಔಷಧ ನಿಷಿದ್ಧ. ಹೆಂಡತಿ ಮಕ್ಕಳ ಎದುರು ಗಂಡಸರು ಇದಕ್ಕೆ ಉತ್ತರಿಸುವುದಿಲ್ಲ. ಗಾಡಿಯ ಬಾಗಿಲು ಹಾಕಿ, ಮೆಲ್ಲಗೆ, ಯಾಕೆ ಕೇಳುತ್ತಿದ್ದೇನೆಂದು ಹೇಳಿ ಕೇಳಿ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಸಿಗುತ್ತದೆ. ನಿಮ್ಮ ಸುತ್ತ ಯಾವ ಆಸ್ಪತ್ರೆಯಲ್ಲಿ ಇದೆ ಎಂಬ ಪಟ್ಟಿ ನಿಮ್ಮ ಮೊಬೈಲಿನಲ್ಲಿರಲಿ. ಪೆಟ್ಟಿಗೆಯ ಎಷ್ಟೋ ಔಷಧಗಳಿಗಿಂತ ಆ ಮಾಹಿತಿ ಹೆಚ್ಚು ಜೀವ ಉಳಿಸುತ್ತದೆ.

ಪ್ರಜ್ಞೆ ತಪ್ಪಿದ ಪ್ರತಿಯೊಬ್ಬರಿಗೂ, ಫಿಟ್ಸ್ ಬಂದ ಪ್ರತಿಯೊಬ್ಬರಿಗೂ ಮೊದಲು ಬೆರಳು ಚುಚ್ಚಿ ಶುಗರ್ ನೋಡಿ. ಕುಡಿದು ಬಿದ್ದಿದ್ದಾನೆ ಎಂದು ಊರೆಲ್ಲ ಹೇಳಿದರೂ ನೋಡಿ. 70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿದರಾಯಿತು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಜೇನುತುಪ್ಪವನ್ನು ಸಹ. ಅವರಿಗೆ ರಕ್ತನಾಳದ ಮೂಲಕ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಮಿಲಿ, ಇಲ್ಲವೇ 10 ಪರ್ಸೆಂಟ್ 250 ಮಿಲಿ. ಎರಡರಲ್ಲೂ ಇರುವುದು 25 ಗ್ರಾಂ. ಸೂಜಿ ನಾಳದಲ್ಲೇ ಇದೆಯೇ ಎಂದು ಸಲೈನ್ ಬಿಟ್ಟು ಖಚಿತಪಡಿಸಿಕೊಳ್ಳಿ, ಗಾಢ ಡೆಕ್ಸ್‌ಟ್ರೋಸ್ ಹೊರಗೆ ಸೋರಿದರೆ ಕೈಯ ಮಾಂಸ ಕೊಳೆಯುತ್ತದೆ. ರೋಗಿ ಎದ್ದು ಕುಳಿತು ‘ಏನೂ ಆಗಿಲ್ಲ, ಮನೆಗೆ ಹೋಗುತ್ತೇನೆ’ ಎನ್ನುತ್ತಾರೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಾಗಿದ್ದರೆ ಬಿಡಬೇಡಿ. ಆ ಮಾತ್ರೆಯ ಪ್ರಭಾವ ನಿಮ್ಮ ಡೆಕ್ಸ್‌ಟ್ರೋಸ್‌ಗಿಂತ ಬಹಳ ಹೊತ್ತು ಇರುತ್ತದೆ, ಶುಗರ್ ಮತ್ತೆ ಇಳಿಯುತ್ತದೆ.

ಫಿಟ್ಸ್ ಹೆಚ್ಚಾಗಿ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಕೈಗೆ ಕೀಲಿ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಫಲ ಕೊಟ್ಟಂತೆ ಕಾಣುವುದು ಅದೇ ಕಾರಣಕ್ಕೆ. ಐದು ನಿಮಿಷ ದಾಟಿದರೆ ಮಿಡಜೋಲಾಮ್, 40 ಕಿಲೋ ಮೀರಿದವರಿಗೆ 10 ಮಿಲಿಗ್ರಾಂ ಸ್ನಾಯುವಿಗೆ. ಇದು ಒಂದು ಮಿಲಿಗೆ 1 ಮಿಲಿಗ್ರಾಂ ಇರುವ ಸೀಸೆಯಲ್ಲೂ ಬರುತ್ತದೆ, 5 ಮಿಲಿಗ್ರಾಂ ಇರುವುದರಲ್ಲೂ ಬರುತ್ತದೆ. ‘ಎರಡು ಮಿಲಿ ಕೊಡು’ ಎಂಬ ಮಾತು ಒಂದರಲ್ಲಿ 2 ಮಿಲಿಗ್ರಾಂ, ಇನ್ನೊಂದರಲ್ಲಿ 10. ಆದ್ದರಿಂದ ಯಾವ ಔಷಧವನ್ನೂ ಮಿಲಿಲೀಟರ್ ಲೆಕ್ಕದಲ್ಲಿ ಅಥವಾ ಆಂಪೂಲ್ ಲೆಕ್ಕದಲ್ಲಿ ಬರೆದುಕೊಳ್ಳಬೇಡಿ, ಮಿಲಿಗ್ರಾಂನಲ್ಲೇ ಹೇಳಿ, ಮಿಲಿಗ್ರಾಂನಲ್ಲೇ ಬರೆಯಿರಿ. ಕೊಟ್ಟ ಮೇಲೆ ಉಸಿರಾಟ ನಿಧಾನವಾಗುತ್ತದೆ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಕೈಗೆಟುಕುವ ಕಡೆ ಇರಬೇಕು.

ಐದು ತಿಂಗಳು ದಾಟಿದ ಬಸುರಿಗೆ, ಇಲ್ಲವೇ ಈಚೆಗೆ ಹೆತ್ತ ಬಾಣಂತಿಗೆ ಫಿಟ್ಸ್ ಬಂದರೆ ಲೆಕ್ಕವೇ ಬೇರೆ. ಅಲ್ಲಿ ಮೊದಲ ಔಷಧ ಮೆಗ್ನೀಸಿಯಂ ಸಲ್ಫೇಟ್. ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಎರಡೂ ಪೃಷ್ಠಗಳಿಗೆ ಆಳವಾಗಿ 5 ಗ್ರಾಂನಂತೆ ಕೊಡುವುದು ರೂಢಿಯ ಕ್ರಮ. 50 ಪರ್ಸೆಂಟ್‌ನ ಎರಡು ಮಿಲಿ ಆಂಪೂಲ್‌ನಲ್ಲಿ 1 ಗ್ರಾಂ ಇರುವುದರಿಂದ ಹತ್ತು ಆಂಪೂಲ್ ಬೇಕು. ಮಂಡಿಯ ಕೆಳಗೆ ತಟ್ಟಿದಾಗ ಕಾಲು ಚಿಮ್ಮದಿದ್ದರೆ, ಉಸಿರು ನಿಮಿಷಕ್ಕೆ 16ಕ್ಕಿಂತ ಇಳಿದರೆ ಮುಂದಿನ ಪ್ರಮಾಣ ಕೊಡಬಾರದು. ಉಸಿರು ನಿಲ್ಲುವಂತಾದರೆ ಅದಕ್ಕೆ ಪ್ರತ್ಯೌಷಧ ಕ್ಯಾಲ್ಸಿಯಂ ಗ್ಲುಕೋನೇಟ್ 1 ಗ್ರಾಂ, ನಿಧಾನವಾಗಿ ರಕ್ತನಾಳಕ್ಕೆ. ಗಾಡಿಯಲ್ಲೇ ಹೆರಿಗೆಯಾದರೆ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ. ಅದಕ್ಕೂ ಮೊದಲು ಹೊಟ್ಟೆ ಮುಟ್ಟಿ ಇನ್ನೊಂದು ಮಗು ಇಲ್ಲವೆಂದು ನೋಡಬೇಕು.

ಆಕ್ಸಿಟೋಸಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಗದಗ, ರೋಣ, ಮುಂಡರಗಿ ಕಡೆ ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ ಏನಾಗುತ್ತದೆಂದು ನಿಮಗೇ ಗೊತ್ತು. ಅಲ್ಲಿ ಬೆಂದ ಆಂಪೂಲ್ ನೋಡಲು ಹೊಸದರಂತೆಯೇ ಇರುತ್ತದೆ, ಗರ್ಭಕೋಶ ಮಾತ್ರ ಬಿಗಿಯುವುದಿಲ್ಲ. ಐಸ್ ಪೆಟ್ಟಿಗೆ ಕೇಳಿ ಪಡೆಯಿರಿ. ಅಡ್ರಿನಲಿನ್‌ಗೆ ಬೆಳಕು ಮತ್ತು ಶಾಖ ಎರಡೂ ಆಗದು, ಕಂದು ಬಣ್ಣಕ್ಕೆ ತಿರುಗಿದ್ದನ್ನು ಬಳಸಬಾರದು.

ಬೈಪಾಸಿನ ಅಪಘಾತಗಳಲ್ಲಿ ರಕ್ತ ಹೋಗುತ್ತಿರುವವರಿಗೆ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಹತ್ತು ನಿಮಿಷದಲ್ಲಿ ನಿಧಾನವಾಗಿ, ಅಪಘಾತವಾದ ಮೂರು ಗಂಟೆಯೊಳಗೆ. ಅದಕ್ಕೂ ಮೊದಲು ಗಾಯವನ್ನು ಒತ್ತಿ ಹಿಡಿಯಬೇಕು. ಹಾವು ಕಚ್ಚಿದವರಿಗೆ ಆಂಬುಲೆನ್ಸ್‌ನಲ್ಲಿ ಕೊಡುವ ಔಷಧ ಬಹುತೇಕ ಇಲ್ಲ: ಕಾಲು ಅಲುಗದಂತೆ ದಬ್ಬೆ ಕಟ್ಟಿ, ಪ್ರತಿವಿಷವಿರುವ ಆಸ್ಪತ್ರೆಗೆ ಸೇರಿಸಿ. ನೋವಿಗೆಂದು ಡೈಕ್ಲೋಫಿನಾಕ್ ಚುಚ್ಚಬೇಡಿ, ಮಂಡಲದ ಹಾವು ಕಚ್ಚಿದ್ದರೆ ಚುಚ್ಚಿದ ಜಾಗದಲ್ಲೇ ರಕ್ತ ತುಂಬಿಕೊಳ್ಳುತ್ತದೆ.

ಕೈ ನಡುಗುವ ಮಾತಿಗೆ ಬರೋಣ. ಅದು ನಿಲ್ಲಲಿ ಎಂದು ಕಾಯಬೇಡಿ, ನಡುಗುವ ಕೈಗೂ ತಪ್ಪು ಮಾಡಲು ಬಿಡದ ಪದ್ಧತಿ ಇಟ್ಟುಕೊಳ್ಳಿ. ಆಂಪೂಲ್ ಅನ್ನು ಪೆಟ್ಟಿಗೆಯಿಂದ ತೆಗೆಯುವಾಗ ಒಮ್ಮೆ, ಒಡೆಯುವ ಮುನ್ನ ಒಮ್ಮೆ, ಸಿರಿಂಜಿಗೆ ಎಳೆದ ಮೇಲೆ ಒಮ್ಮೆ ಹೆಸರನ್ನು ಗಟ್ಟಿಯಾಗಿ ಓದಿ. ಅವಧಿ ಮುಗಿಯುವ ತಿಂಗಳನ್ನೂ ಓದಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಗೂ ತೋರಿಸಿ ಓದಿಸಿ. ಗಾಡಿ ನಿಂತಿದ್ದರೆ ಚಾಲಕರಿಗೆ ತೋರಿಸಿದರೂ ಆದೀತು, ಅವರಿಗೆ ಔಷಧ ಗೊತ್ತಿರಬೇಕಿಲ್ಲ, ಓದಲು ಬಂದರೆ ಸಾಕು. ಸಿರಿಂಜ್ ತುಂಬಿದ ಕೂಡಲೇ ಅಂಟುಪಟ್ಟಿಯ ಮೇಲೆ ಹೆಸರು, ಮಿಲಿಗ್ರಾಂ ಬರೆದು ಅಂಟಿಸಿ. ಹೆಸರಿಲ್ಲದ ತುಂಬಿದ ಸಿರಿಂಜ್ ಕಂಡರೆ ಯಾರೇ ತುಂಬಿದ್ದಿರಲಿ ಚೆಲ್ಲಿ. ಒಂದೇ ರೀತಿ ಕಾಣುವ ಆಂಪೂಲ್‌ಗಳನ್ನು ಬೇರೆ ಬೇರೆ ಖಾನೆಯಲ್ಲಿಡಿ. ಖಾಲಿ ಆಂಪೂಲ್‌ಗಳನ್ನು ಆಸ್ಪತ್ರೆಯಲ್ಲಿ ರೋಗಿಯನ್ನು ಒಪ್ಪಿಸುವವರೆಗೆ ಒಂದು ತಟ್ಟೆಯಲ್ಲಿ ಉಳಿಸಿಕೊಳ್ಳಿ. ಕೊಟ್ಟ ಔಷಧ, ಪ್ರಮಾಣ, ದಾರಿ, ಗಡಿಯಾರದ ಸಮಯ ನಾಲ್ಕನ್ನೂ ಬರೆದು ಕೊಡಿ. ಜನಜಂಗುಳಿಯ ತುರ್ತು ವಿಭಾಗದಲ್ಲಿ ನಿಮ್ಮ ಬಾಯಿಮಾತು ಉಳಿಯುವುದಿಲ್ಲ, ಚೀಟಿ ಉಳಿಯುತ್ತದೆ. ತಪ್ಪಾಗಿದ್ದರೂ ಅದೇ ಚೀಟಿಯಲ್ಲಿ ಇರಲಿ. ಆಸ್ಪತ್ರೆಯವರಿಗೆ ಗೊತ್ತಿಲ್ಲದ ತಪ್ಪಿಗೆ ಅವರು ಪರಿಹಾರ ಮಾಡಲಾರರು.

‘ಒಂದು ಸೂಜಿಯಾದರೂ ಮಾಡಿ’ ಎಂದು ಮನೆಯವರು ಗದರಿಸಿದಾಗ ಸುಮ್ಮನಿರುವುದು ಕಷ್ಟ, ನಿಜ. ಆ ಹೊತ್ತಿನಲ್ಲಿ ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳಿ: ‘ಬಿಪಿ ನೋಡುತ್ತಿದ್ದೇನೆ, ಉಸಿರು ಸರಿಯಿದೆ, ದೊಡ್ಡ ಡಾಕ್ಟರರ ಜೊತೆ ಮಾತಾಡಿದ್ದೇನೆ, ಈಗ ಇಂಜೆಕ್ಷನ್ ಕೊಟ್ಟರೆ ಕೇಡಾಗುತ್ತದೆ.’ ಕೆಲಸ ನಡೆಯುತ್ತಿದೆ ಎಂದು ಕಂಡರೆ ಹೆಚ್ಚಿನವರು ಒಪ್ಪುತ್ತಾರೆ.

ಇನ್ನು ಮನೆಯಲ್ಲಿ ಇಂಜೆಕ್ಷನ್ ಇಟ್ಟುಕೊಳ್ಳುವ ಪ್ರಶ್ನೆ. ಬೇಡ, ಒಂದೂ ಬೇಡ. ಕೆಲಸದ ಸರದಿಯ ಹೊರಗೆ ನಿಮಗೆ ಸೂಚನೆ ಕೊಡುವ ವೈದ್ಯರಿಲ್ಲ, ಆಮ್ಲಜನಕವಿಲ್ಲ, ಕಾನೂನಿನ ರಕ್ಷಣೆಯೂ ಇಲ್ಲ. ಮಿಡಜೋಲಾಮ್‌ನಂಥದ್ದು ಮನೆಯಲ್ಲಿ ಸಿಕ್ಕರೆ ಮಾದಕ ದ್ರವ್ಯ ಕಾಯ್ದೆಯ ತೊಡಕೂ ಸೇರಿಕೊಳ್ಳುತ್ತದೆ. ಇಟ್ಟುಕೊಳ್ಳಬಹುದಾದದ್ದು ಶುಗರ್ ನೋಡುವ ಯಂತ್ರ, ರಕ್ತದೊತ್ತಡದ ಯಂತ್ರ, ಬೆರಳಿಗೆ ಹಾಕುವ ಆಕ್ಸಿಮೀಟರ್, ಒಂದು ಪಟ್ಟಿ ಆಸ್ಪಿರಿನ್, ಓಆರ್‌ಎಸ್ ಪೊಟ್ಟಣ, ಗ್ಲೂಕೋಸ್ ಪುಡಿ, ಸ್ವಚ್ಛ ಬಟ್ಟೆಯ ಪಟ್ಟಿ, ಕೈಗವಸು. ಬಾಗಿಲು ಬಡಿದವರ ಜೊತೆ ಹೊರಡುವ ಮೊದಲು 108ಕ್ಕೆ ಕರೆ ಮಾಡಿ, ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳಿ.